ಗುಡಾಣದ ಬಾಯಿ

ಅರ್ಪಾ ಹೊಳೆಯ ದಂಡೆ, ದ್ರಾಕ್ಷಿತೋಟದ ಮಗ್ಗುಲು,
ಒಂಬತ್ತನೆಯ ಗುಂಡಿ, ಮೂರನೆಯ ಪದರ.
ಸಿಕ್ಕಿದ್ದು ಇಷ್ಟೇ: ಚೋಟುದ್ದದ ಓಡು,
ಒಂದಂಚು ಮಾತ್ರ ನಯ, ತುಸು ಬಾಗು,
ಯಾರದೋ ಹೆಬ್ಬೆರಳು ಹಸಿಮಣ್ಣಲ್ಲಿ ಜಾರಿದ ಗುರುತು.

"ಗುಡಾಣದ ಬಾಯಿಯ ಅಳತೆ ಬೇಕು ಅರುಸ್ಯಾಕ್, ನಾಳೆಯೊಳಗೆ,"
ಅಂದು ಹೊರಟಳು ಪರಂದ್ಜೆಮ್, ಬೂಟಿನ ಮಣ್ಣು ಬಡಿಯುತ್ತ.
ನಾನು ಚಿತ್ರ ಬರೆಯುವವಳು.
ಗಣಿತದಲ್ಲಿ ಎರಡು ಸಲ ಮುಗ್ಗರಿಸಿದವಳು.

ರಾತ್ರಿ ಯೆಪ್ರೆಮ್ ಮೇಷ್ಟರ ಮನೆ.
(ಎರಡು ಸಲವೂ ಬೀಳಿಸಿದವರು ಅವರೇ.)
ಮೇಜಿಗೆ ರೆಗ್ಜಿನ್ ಹಾಸು, ಏಪ್ರಿಕಾಟ್ ಬೀಜಗಳ ಗುಪ್ಪೆ,
ಮಡಿಸಿಟ್ಟ ಲವಾಶ್ ರೊಟ್ಟಿ, ಆರಿದ ಚಹಾ.
"ಎಷ್ಟು ಚುಕ್ಕಿ ತಂದಿದ್ದೀಯ?"
ಎಂದರು, ಕ್ಷೇಮ ವಿಚಾರಿಸುವ ಹಾಗೆ.

ಮೂರು ಸಾಕಂತೆ.
ಒಂದರ ಮೇಲೆ ಹಾಯುವ ವೃತ್ತಗಳಿಗೆ ಲೆಕ್ಕವಿಲ್ಲ,
ಎರಡಾದರೂ ಅದೇ ಪಾಡು,
ಮೂರನೆಯದು ಬಂದು ಕೂತರೆ ಒಂದೇ ಒಂದು.
"ಮೂರೂ ನೆಟ್ಟಗೆ ಒಂದೇ ಸಾಲಲ್ಲಿ ನಿಂತರೆ
ಒಂದೂ ಇಲ್ಲ. ತುಸು ಬಾಗಬೇಕು, ಮಗಳೇ."

ಅಂಚು ಕೆಳಗಾಗಿ ಓಡನ್ನು ಗ್ರಾಫ್ ಹಾಳೆಯ ಮೇಲೆ ನಿಲ್ಲಿಸಿ
ಬೆನ್ನಗುಂಟ ಗೆರೆ ಎಳೆದೆ.
ಎಡತುದಿ ಮೂಲಬಿಂದು: ಸೊನ್ನೆ, ಸೊನ್ನೆ.
ಬಲತುದಿ ಹದಿನಾಲ್ಕು, ಸೊನ್ನೆ.
ನಡುಬೆನ್ನು ಏಳು, ಒಂದು.
ಒಂದೇ ಸೆಂಟಿಮೀಟರಿನ ಉಬ್ಬು,
ಇಡೀ ಗುಡಾಣ ಅದರೊಳಗೆ ಅಡಗಿ ಕೂತಿದೆ.

ಎಕ್ಸ್ ವರ್ಗ, ವೈ ವರ್ಗ,
ಎರಡು ಜಿ ಎಕ್ಸ್, ಎರಡು ಎಫ್ ವೈ, ಕೊನೆಗೊಂದು ಸಿ,
ಎಲ್ಲ ಕೂಡಿದರೆ ಸೊನ್ನೆ.
ಮೊದಲ ಚುಕ್ಕಿ ಸಿ-ಯನ್ನು ನುಂಗಿತು.
ಎರಡನೆಯದು ಜಿ-ಯನ್ನು ಒಪ್ಪಿಸಿತು: ಋಣ ಏಳು.
ಮೂರನೆಯದು ಸತಾಯಿಸಿತು,
ನಲವತ್ತೊಂಬತ್ತು, ಒಂದು, ಕಳೆ ತೊಂಬತ್ತೆಂಟು,
ಬಾಯಿಬಿಟ್ಟಾಗ ಎಫ್ ಇಪ್ಪತ್ತನಾಲ್ಕು.
ವರ್ಗಕ್ಕೆ ವರ್ಗ ಕೂಡಿಸಿ ಮೂಲ ಕಿತ್ತರೆ
ಇಪ್ಪತ್ತೈದು, ಕಡ್ಡಿ ಮುರಿದ ಹಾಗೆ.

ಹಿಗ್ಗಿಬಿಟ್ಟೆ.
ಋಣ ಏಳು, ಇಪ್ಪತ್ತನಾಲ್ಕು: ಅಲ್ಲಿ ಗುಂಡುಸೂಜಿ,
ಸೂಜಿಗೆ ದಾರ, ದಾರಕ್ಕೆ ಪೆನ್ಸಿಲ್.
ಬಂತು ವೃತ್ತ, ದುಂಡಗೆ, ದೊಡ್ಡದಾಗಿ,
ಓಡಿನ ಎಡತುದಿಯನ್ನು ಒಮ್ಮೆ ಸೋಕಿ
ಮುಖ ತಿರುಗಿಸಿ ಆಚೆ ಹೋಯಿತು.

ಮೇಷ್ಟರು ನಕ್ಕರು, ಅದೇ ಹಳೆಯ ನಗೆ.
"ತ್ರಿಜ್ಯ ಸರಿ. ಕೇಂದ್ರ ತಪ್ಪು.
ಎರಡಕ್ಕೂ ಚಿಹ್ನೆ ತಿರುವಿ ಹಾಕು.
ಮನೆಯಿರುವುದು ಬರೆದದ್ದರ ಎದುರು ದಿಕ್ಕಿಗೆ."
ಅಂದವರು ಸುಮ್ಮನಾದರು.
ಭೂಕಂಪದ ಮರುವರ್ಷ ಗ್ಯುಮ್ರಿ ಬಿಟ್ಟು ಬಂದವರು;
ಇವತ್ತಿಗೂ ಕರೆಂಟು ಹೋಗಿ ಬಂದರೆ
ದೀಪದ ಗುಂಡಿಗೆ ಎಡಗೋಡೆ ತಡವುತ್ತಾರೆ.
ಈ ಮನೆಯಲ್ಲಿ ಅದು ಬಲಕ್ಕಿದೆ.

ಏಳು, ಋಣ ಇಪ್ಪತ್ತನಾಲ್ಕು.
ಹಾಳೆ ಅಷ್ಟುದ್ದ ಇರಲಿಲ್ಲ.
ಕೇಂದ್ರ ಹಾಳೆ ದಾಟಿ ಹಾಸಿನ ಮೇಲೆ
ಏಪ್ರಿಕಾಟ್ ರಸ ಒಣಗಿದ ಕಲೆಯ ಪಕ್ಕ ಬಿತ್ತು.
ಅಲ್ಲಿ ಮಣ್ಣಿಲ್ಲ, ಓಡಿಲ್ಲ, ಎಂದೂ ಇರಲಿಲ್ಲ.
ಗುಡಾಣದ ನಟ್ಟನಡುವೆ ಬರೀ ಗಾಳಿ,
ತುಂಬಿದ ವರ್ಷ ದ್ರಾಕ್ಷಾರಸ.
ಸೂಜಿ ಚುಚ್ಚಿದೆ. "ಎರಡನೆಯ ತೂತು," ಎಂದರು;
ಬೇಡ ಅನ್ನಲಿಲ್ಲ.

ಈ ಸಲ ಪೆನ್ಸಿಲ್ಲು ಓಡಿನ ಗೆರೆಯ ಮೇಲೆ
ಹತ್ತಿ, ಇಳಿದು, ನಿಲ್ಲದೆ ಮುಂದೆ ನಡೆಯಿತು
ಇಲ್ಲದ ಅಂಚಿನ ಮೇಲೆ,
ರೊಟ್ಟಿ ಸರಿಸಿ, ಬೀಜಗಳ ಗುಪ್ಪೆ ಸೀಳಿ.
ಮೇಷ್ಟರು ಲೋಟ ಎತ್ತಿಕೊಂಡು ದಾರಿ ಬಿಟ್ಟರು.
ಸುತ್ತಿ ಬಂದು, ಹೊರಟಲ್ಲಿಗೇ ಸೇರಿತು.

"ಉಬ್ಬು ಒಂದಲ್ಲ, ಅರ್ಧ ಇದ್ದಿದ್ದರೆ?"
"ಬಾಯಿ ಹೆಚ್ಚುಕಡಿಮೆ ಇಮ್ಮಡಿ.
ಎಷ್ಟು ಸವೆದಿದೆಯೋ ನಿನಗೂ ಗೊತ್ತಿಲ್ಲ, ನನಗೂ.
ಅದನ್ನೂ ಬರೆ, ಪಕ್ಕದಲ್ಲಿ, ಸಣ್ಣಕ್ಷರದಲ್ಲಿ."

ಬರೆದೆ: ಬಾಯಿಯಗಲ ಐವತ್ತು, ಅಂದಾಜು.
ಬರೆಯದೆ ಬಿಟ್ಟದ್ದು:
ಐವತ್ತಿದ್ದರೆ, ಸೌಟು ಹಿಡಿದ ಹೆಂಗಸು
ಎರಡೂ ಭುಜ ಒಳಗಿಳಿಸಿ ತಳ ಮುಟ್ಟಲು ಬಗ್ಗಬಹುದು,
ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳೀತು.

ವಾರ ಬಿಟ್ಟು ಓಡು ತರಲು ಹೋದಾಗ
ರೆಗ್ಜಿನ್ ಮೇಲಿನ ಗೆರೆ ಒರೆಸಿರಲಿಲ್ಲ.
ಚಹಾದ ಲೋಟ ಗೆರೆಯೊಳಗಿತ್ತು,
ಸೂಜಿಯ ತೂತಿನಿಂದ ಒಂದು ಬೆರಳು ಎಡಕ್ಕೆ.